ಎಸ್ಟೋನಿಯಾದ ಡಿಜಿಟಲ್ ನಿವಾಸಿ

ಹನ್ನೊಂದು ವರ್ಷದಿಂದ ಅಮೆರಿಕದ ಗ್ರೀನ್ ಕಾರ್ಡಿನ ಸರದಿಯಲ್ಲಿ ನಿಂತಿದ್ದ ನನ್ನನ್ನು 2022ರಲ್ಲಿ ಎಸ್ಟೋನಿಯಾ ಎಂಬ ದೇಶ ಕೆಲವೇ ವಾರಗಳಲ್ಲಿ ಒಪ್ಪಿಕೊಂಡುಬಿಟ್ಟಿತು. ಆನ್‌ಲೈನಿನಲ್ಲಿ ಅರ್ಜಿ ಹಾಕಿ, ವಾಷಿಂಗ್ಟನ್ನಿನ ಅವರ ರಾಯಭಾರ ಕಚೇರಿಯಲ್ಲಿ ಬೆರಳಚ್ಚು ಕೊಟ್ಟು, ಒಂದು ಪುಟ್ಟ ಪೆಟ್ಟಿಗೆ ತಂದೆ. ಅದರೊಳಗೆ ಒಂದು ಕಾರ್ಡು, ಅದನ್ನು ಕಂಪ್ಯೂಟರಿಗೆ ಜೋಡಿಸುವ ಒಂದು ರೀಡರ್. ರಾಕ್‌ವಿಲ್‌ನ ಮನೆಗೆ ಬಂದವನೇ ಹೆಂಡತಿಯ ಮುಂದೆ ಹಿಡಿದೆ.

“ನಾ ಈಗ ಎಸ್ಟೋನಿಯಾದ ಇ-ರೆಸಿಡೆಂಟ್, ಪ್ರತಿಭಾ.”

“ಅಂದ್ರ ಅಲ್ಲಿ ಹೋಗಿ ಇರಬಹುದೇನ್ರಿ?”

“ಇರಾಕ ಬರೂದಿಲ್ಲ.”

“ನೋಡಿಕೊಂಡು ಬರಬಹುದು?”

“ಅದಕ್ಕ ವೀಸಾ ಬೇಕು.”

“ಮತ್ತ ಇದ್ಯಾಕ?”

“ಆನ್‌ಲೈನ್‌ನಾಗ ಕಂಪನಿ ತೆಗೀಬಹುದು.”

“ನಿಮ್ಮ ಕಂಪನಿ ಎಲ್ಲೈತಿ?”

ಕಂಪನಿ ಇರಲಿಲ್ಲ. ಆದರೆ ಅಭಿಮಾನ ಬೇಕಾದಷ್ಟಿತ್ತು. ಆ ದೇಶದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಎಲಿಕಾಟ್ ಸಿಟಿಯ ಊಟದ ಕೂಟಗಳಲ್ಲಿ “ನಮ್ಮ ಎಸ್ಟೋನಿಯಾದಾಗ” ಎಂದು ಶುರುಮಾಡಿದರೆ ಜನ ತಟ್ಟೆ ಹಿಡಿದು ಆ ಕಡೆಯ ಕೋಣೆಗೆ ಸರಿಯತೊಡಗಿದರು. ಭಾನುವಾರದ ಕನ್ನಡ ತರಗತಿ ನಡೆಸುವ ಕೇಶವಮೂರ್ತಿ ಅಂಕಲ್ ಕೊನೆಗೆ ನನ್ನ ಹೆಗಲ ಮೇಲೆ ಕೈಯಿಟ್ಟು, “ಶಶಿಕಾಂತ್, ಒಂದು ಸಂಡೆ ಮಕ್ಕಳಿಗೇ ಟಾಕ್ ಕೊಟ್ಬಿಡಪ್ಪ. ಅವ್ರು ಎದ್ದು ಹೋಗೋ ಹಾಗಿಲ್ಲ,” ಎಂದರು.

2023ರ ಫೆಬ್ರವರಿಯಲ್ಲಿ, ತರಗತಿ ನಡೆಯುವ ಸಮುದಾಯ ಭವನದಲ್ಲಿ, ಕಾಲು ಭಾಗ ಕನ್ನಡ, ಮುಕ್ಕಾಲು ಭಾಗ ಇಂಗ್ಲಿಷಿನಲ್ಲಿ ಮಾತಾಡಿದೆ. ಕರ್ನಾಟಕದ ಕಾಲು ಭಾಗದಷ್ಟು ನೆಲ, ಅದರಲ್ಲಿ ಅರ್ಧ ಕಾಡು. ಎರಡು ಸಾವಿರಕ್ಕೂ ಹೆಚ್ಚು ದ್ವೀಪ. ಜನ ಹದಿಮೂರು ಲಕ್ಷದ ಆಸುಪಾಸು. ಮಾತು ಕಡಿಮೆ, ಆದರೆ ಸಾವಿರಾರು ಜನ ಒಟ್ಟಿಗೆ ನಿಂತು ಹಾಡುತ್ತಾರೆ. ಮೊದಲು ಸಂಪಾದನೆ ಮರ, ಉರುವಲಾಗುವ ಎಣ್ಣೆಕಲ್ಲಿನಿಂದ, ಈಗ ಸಾಫ್ಟ್‌ವೇರ್‌ನಿಂದ. ಆಮೇಲೆ ಹಿಮ ಹೊದ್ದ ಒಂದು ದೊಡ್ಡ ಪರ್ವತದ ಚಿತ್ರ ತೋರಿಸಿ, “ಇದು ನಮ್ಮ ಅತಿ ಎತ್ತರದ ಶಿಖರ,” ಎಂದೆ.

ಹಿಂದಿನ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ಭವನದ ಬೀಗದ ಕೈ ನೋಡಿಕೊಳ್ಳುವ, ಎಂಬತ್ತರ ಹತ್ತಿರದ ಮೈಮು ಎಂಬ ಮುದುಕಿ.

“ಅದು ಆಸ್ಟ್ರಿಯಾ ಇರಬೇಕು,” ಎಂದರು ಆಕೆ ಇಂಗ್ಲಿಷಿನಲ್ಲಿ. “ನಮ್ಮ ಅತಿ ಎತ್ತರದ ಗುಡ್ಡ ಮುನ್ನೂರ ಹದಿನೆಂಟು ಮೀಟರು. ಹೆಸರು ದೊಡ್ಡ ಮೊಟ್ಟೆ ಗುಡ್ಡ.”

ಮಕ್ಕಳು ಬಿದ್ದು ಬಿದ್ದು ನಕ್ಕರು. ನನ್ನ ಮಗಳು ಅನಘಾ ಎಲ್ಲರಿಗಿಂತ ಜೋರಾಗಿ ನಕ್ಕಳು.

ಎಲ್ಲರೂ ಹೋದ ಮೇಲೆ ಕುರ್ಚಿ ಮಡಚುತ್ತ ಮೈಮುವಿನ ಕ್ಷಮೆ ಕೇಳಿದೆ. ಆಕೆ ಹುಟ್ಟಿದ್ದು ಜರ್ಮನಿಯ ನಿರಾಶ್ರಿತರ ಶಿಬಿರದಲ್ಲಂತೆ. ತಂದೆತಾಯಿ ಯುದ್ಧದ ಕಾಲದಲ್ಲಿ ಎಸ್ಟೋನಿಯಾದಿಂದ ದೋಣಿಯಲ್ಲಿ ಓಡಿಬಂದವರು. ಅಲ್ಲಿನ ಪೌರತ್ವ ಉಂಟು, ಆದರೆ ಆ ನೆಲದಲ್ಲಿ ಇದ್ದದ್ದು ಒಟ್ಟು ಮೂರು ವಾರ.

“ಆ ಕಾರ್ಡಿನ ಯಂತ್ರ ಬಳಸಲು ನಿನಗೆ ಬರುತ್ತದೆಯೇ?” ಎಂದು ಕೇಳಿದರು. “ಮುಂದಿನ ವಾರ ಅಲ್ಲಿ ಚುನಾವಣೆ. ಆನ್‌ಲೈನಿನಲ್ಲಿ ಮತ ಹಾಕಬಹುದು. ಯಾವಾಗಲೂ ನನ್ನ ಗಂಡ ಮಾಡಿಕೊಡುತ್ತಿದ್ದ. ಈಗ ಅವನಿಲ್ಲ.”

ಶನಿವಾರ ಬೆಳಿಗ್ಗೆ, ಆನ್‌ಲೈನ್ ಮತದಾನದ ಕೊನೆಯ ದಿನ, ರೀಡರ್ ಹಿಡಿದು ಮೈಮುವಿನ ಮನೆಗೆ ಹೋದೆ. ಪ್ರತಿಭಾ ಶೇಂಗಾ ಹೋಳಿಗೆ ಕಟ್ಟಿಕೊಂಡು ಜೊತೆಗೆ ಬಂದಳು. ಮೈಮು ತಮ್ಮ ಕಾರ್ಡು ಸಿಕ್ಕಿಸಿ ಪಿನ್ ಒತ್ತಿದರು. ತಪ್ಪು. ಮತ್ತೆ ಒತ್ತಿದರು. ತಪ್ಪು.

“ನಿಲ್ಲಿ!” ಎಂದು ಕೂಗಿಬಿಟ್ಟೆ. ಮೂರನೆಯ ಸಲ ತಪ್ಪಿದರೆ ಕಾರ್ಡು ಲಾಕ್ ಆಗುತ್ತದೆ. ಗೆಳೆಯರ ಮುಂದೆ ಜಂಬ ಕೊಚ್ಚಲು ಹೋಗಿ ನನ್ನದು ಹಾಗೇ ಆಗಿತ್ತು. ಎಸ್ಟೋನಿಯಾದ ವಿಷಯದಲ್ಲಿ ನನಗಿದ್ದ ನಿಜವಾದ ಅನುಭವ ಅದೊಂದೇ.

ಪಿನ್ ಇದ್ದ ಹಳೆಯ ಲಕೋಟೆಯನ್ನು ಪ್ರತಿಭಾ ಬೆಳಕಿಗೆ ಹಿಡಿದು ನೋಡಿದಳು. “ರೀ, ಇದು ಒಂದಲ್ಲ, ಏಳು.”

ಮೈಮು ಏಳು ಒತ್ತಿದರು. ತೆರೆಯಿತು. ನಾವಿಬ್ಬರೂ ಗೋಡೆಯ ಕಡೆ ತಿರುಗಿ ನಿಂತೆವು. ಭಾರತದಲ್ಲಿ ಮತ ಹಾಕಲು ಊರಿಗೆ ಹೋಗಬೇಕು. ಅಮೆರಿಕದಲ್ಲಿ ನನಗೆ ಮತವಿಲ್ಲ. ಬೆನ್ನ ಹಿಂದೆ ಕೀಲಿಮಣೆಯ ಸದ್ದು ಕೇಳುತ್ತ ನಿಂತೆ.

“ಆಯಿತು,” ಎಂದರು ಮೈಮು. ಕಣ್ಣೊರೆಸಿಕೊಂಡು ಚಹಾ ಕಾಸಿದರು. ಕಪ್ಪು ಬ್ರೆಡ್ಡಿಗೆ ಬೆಣ್ಣೆ ಸವರಿ ಕೊಟ್ಟರು. “ನನ್ನ ದೇಶದ ಬಗ್ಗೆ ನೀನು ಅಷ್ಟೆಲ್ಲ ಹೇಳಿದೆ. ಈಗ ನಿನ್ನ ಊರಿನದು ಹೇಳು. ಎಷ್ಟು ಜನ? ಏನು ಬೆಳೆಯುತ್ತಾರೆ?”

“ಗಜೇಂದ್ರಗಡ,” ಎಂದು ಶುರುಮಾಡಿ, ಅಲ್ಲೇ ನಿಲ್ಲಿಸಿ, ಹುಡುಕಲು ಫೋನು ತೆಗೆದೆ. ಪ್ರತಿಭಾ ಫೋನನ್ನು ಕಸಿದು ಮೇಜಿನ ಮೇಲೆ ಬೋರಲು ಹಾಕಿದಳು. ಆಮೇಲೆ ಗುಡ್ಡದ ಮೇಲಿನ ಕೋಟೆ, ನೇಕಾರರ ಮಗ್ಗ, ಎರೆಹೊಲದ ಕಡಲೆ, ಎಲ್ಲವನ್ನೂ ತನ್ನ ಇಂಗ್ಲಿಷಿನಲ್ಲಿ ಒಂದು ತಾಸು ಹೇಳಿದಳು. ನಾನು ಬ್ರೆಡ್ಡು ತಿನ್ನುತ್ತ ಕೇಳಿದೆ. ನನಗೆ ಗೊತ್ತಿರದಿದ್ದುದು ಬಹಳ ಇತ್ತು.