ಹಜಾರದಲ್ಲಿ ಮಾತ್ರ ತಿರುಗುವ ಮೆಷಿನ್ನು

ಊರಿನ ಅರ್ಧ ಮನೆಗಳ ವಾಷಿಂಗ್ ಮೆಷಿನ್ನುಗಳಿಗೆ ಮರುಜೀವ ಕೊಟ್ಟ ಮೆಕ್ಯಾನಿಕ್ಕಿಗೆ ಮಾವನ ಮನೆಯ ಒಂದೇ ಒಂದು ಮೆಷಿನ್ನು ನೀರು ಕುಡಿಸುತ್ತಿತ್ತು. ಬೇರೆಯವರ ಮನೆಯದಾಗಿದ್ದರೆ ‘ಇದರ ಕಾಲ ಮುಗೀತು, ಹೊಸದು ತಗೊಳ್ಳಿ’ ಎಂದು ಕೈ ತೊಳೆದುಕೊಳ್ಳಬಹುದಿತ್ತು. ಮಾವನ ಮನೆಯಲ್ಲಿ ಹಾಗೆ ಹೇಳಲು ಬಾಯಿ ಬರಬೇಕಲ್ಲ.

ಮದುವೆಯಾಗಿ ಒಂದೇ ತಿಂಗಳು. ಮಾವ ನಿವೃತ್ತ ಸರ್ವೇಯರ್. ಮೂವತ್ತೈದು ವರ್ಷ ಜನರ ಜಮೀನಿಗೆ ಸರಪಳಿ ಹಿಡಿದವರು, ಈಗ ಜಮೀನು ಸಿಗದೆ ಮನೆಯಲ್ಲಿರುವುದನ್ನೆಲ್ಲ ಅಳೆಯುತ್ತಿದ್ದರು. ಬೆಳಗಿನ ವಾಕಿಂಗ್ ನಲವತ್ತು ನಿಮಿಷ. ಮೂವತ್ತೊಂಬತ್ತೂ ಅಲ್ಲ, ನಲವತ್ತೊಂದೂ ಅಲ್ಲ. ದೊಡ್ಡ ಮಗಳನ್ನು ಬ್ಯಾಂಕ್ ಮ್ಯಾನೇಜರಿಗೆ ಕೊಟ್ಟಿದ್ದರು. ಚಿಕ್ಕವಳು ತಾನೇ ಹುಡುಕಿಕೊಂಡದ್ದು ಈ ಮೆಕ್ಯಾನಿಕ್ಕನ್ನು. ಮಾವ ಒಪ್ಪಿದ್ದರು. ಒಪ್ಪುವುದಕ್ಕೂ ಮೆಚ್ಚುವುದಕ್ಕೂ ಎಷ್ಟು ದೂರ ಎಂದು ಸರ್ವೇಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮದುವೆಯಾದ ಇಪ್ಪತ್ತನೆಯ ದಿನ ಅತ್ತೆಯ ಫೋನು ಬಂತು. ಮೆಷಿನ್ನಿಗೆ ನೀರು ತುಂಬುತ್ತದೆ, ದೀಪ ಉರಿಯುತ್ತದೆ, ಬಟ್ಟೆ ತಿರುಗಿಸುವ ಹೊತ್ತಿಗೆ ‘ಗುಂಯ್’ ಎಂದು ನರಳಿ ನಿಂತುಬಿಡುತ್ತದೆ. ಮೆಕ್ಯಾನಿಕ್ ಫೋನಿನಲ್ಲೇ ನಕ್ಕ. ಮೋಟಾರು ಗುಂಯ್ ಎಂದೂ ತಿರುಗದಿದ್ದರೆ ಕೆಪಾಸಿಟರ್ ಹೋಗಿದೆ ಎನ್ನುವುದು ಅವನ ಕಸುಬಿನ ಅ ಆ ಇ ಈ. ಮೋಟಾರಿಗೆ ಮೊದಲ ನೂಕು ಕೊಡುವ ಪುಟ್ಟ ಡಬ್ಬಿ ಅದು. ಕಾಲು ಗಂಟೆಯ ಕೆಲಸ. ಮಾವನ ಮೆಚ್ಚುಗೆ ಇಷ್ಟು ಸುಲಭವಾಗಿ ಸಿಗುತ್ತದೆಂದು ಅವನು ಎಣಿಸಿರಲಿಲ್ಲ.

ಹೋಗಿ ನೋಡಿದರೆ ಮೆಷಿನ್ನು ಹಜಾರದ ನಟ್ಟನಡುವೆ, ಫ್ಯಾನಿನ ಕೆಳಗೆ, ಒರೆಸಿ ಥಳಥಳ ಅನ್ನಿಸಿಕೊಂಡು ನಿಂತಿತ್ತು. ಪ್ಲಗ್ಗು ಟೀವಿಯ ಪಕ್ಕದ ಗೋಡೆಯಲ್ಲಿ. ಎದುರಿಗೆ ಅವನಿಗಾಗಿ ಒಂದು ಸ್ಟೂಲು, ಅದರ ಮೇಲೆ ಹೂವಿನ ಕಸೂತಿಯ ದಿಂಬು.

“ಇಲ್ಲಿಗ್ಯಾಕೆ ತಂದ್ರಿ ಅತ್ತೆ? ಅದು ಇರೋ ಕಡೆನೇ ನೋಡ್ತಿದ್ದೆ.”

“ಅಳಿಯಂದ್ರು ಬಂದು ಬಚ್ಚಲ ಪಕ್ಕ ಕುಕ್ಕರುಗಾಲಲ್ಲಿ ಕೂತು ಕೆಲಸ ಮಾಡೋದಾ? ನೋಡಿದವರು ಏನಂದಾರು. ಕೂತ್ಕೊಳ್ಳಿ, ಮೊದಲು ಕಾಫಿ.”

ಕಸುಬು ಕಲಿಸಿದ ಗುರು ಮೊದಲ ದಿನವೇ ಹೇಳಿದ್ದ: ರೋಗಿಯನ್ನ ಬೇಕಾದರೆ ಆಸ್ಪತ್ರೆಗೆ ಒಯ್ಯಿ, ಮೆಷಿನ್ನನ್ನ ಮಾತ್ರ ಅದು ಮಲಗಿದ ಜಾಗದಲ್ಲೇ ನೋಡು. ಆ ಮಾತು ಮೆಕ್ಯಾನಿಕ್ಕನ ನಾಲಗೆ ತುದಿಯವರೆಗೂ ಬಂತು. ಆದರೆ ಹೊಸ ಅಳಿಯ ಅತ್ತೆಗೆ ಬುದ್ಧಿ ಹೇಳುವುದುಂಟೇ? ಬಾಯಿ ಮುಚ್ಚಿಕೊಂಡು ದಿಂಬಿನ ಮೇಲೆ ಕೂತ.

ಕೆಪಾಸಿಟರ್ ಬದಲಾಯಿಸಿದ. ಮೆಷಿನ್ನು ಬುಗುರಿಯ ಹಾಗೆ ತಿರುಗಿತು. ಎರಡು ದಿನ ಬಿಟ್ಟು ಮತ್ತೆ ಫೋನು: “ಅಳಿಯಂದ್ರೇ, ಬೇಜಾರು ಮಾಡ್ಕೋಬೇಡಿ, ಮತ್ತೆ ಅದೇ ಗುಂಯ್.”

ಎರಡನೆಯ ಸಲವೂ ಅದೇ ಹಜಾರ, ಅದೇ ದಿಂಬು. ಬೆಲ್ಟು ಬಿಗಿ ಮಾಡಿದ, ಮೋಟಾರಿನ ಸುರುಳಿಗೆ ಮೀಟರು ಹಚ್ಚಿ ನೋಡಿದ, ಮುಚ್ಚಳದ ಸ್ವಿಚ್ಚು ಕಳಚಿ ಒರೆಸಿ ಹಾಕಿದ. ತಿರುಗಿತು. ಮೂರು ದಿನಕ್ಕೆ ಫೋನು ಬಂತು. ಮೂರನೆಯ ಸಲ ಮಿದುಳಿನಂಥ ಬೋರ್ಡನ್ನೇ ಕಿತ್ತು, ತನ್ನ ಅಂಗಡಿಯಿಂದ ಹೊಸದು ತಂದು ಕೂರಿಸಿದ. ಅವನು ಮನೆ ಮುಟ್ಟುವಷ್ಟರಲ್ಲಿ ಫೋನು ಕಾಯುತ್ತಿತ್ತು.

ಪ್ರತಿ ಸಲವೂ ಮಾವ ಪಕ್ಕದ ಕುರ್ಚಿಯಲ್ಲಿ ಹಳೆಯ ಸರ್ವೆ ಪುಸ್ತಕ ತೆರೆದು ಕೂತು ಬರೆದುಕೊಳ್ಳುತ್ತಿದ್ದರು. ದಿನಾಂಕ, ವೇಳೆ, ಸ್ಥಳ, ಬಂದವರು, ಫಲ. ಒಮ್ಮೆ ಕೈತಪ್ಪಿ ವೇಳೆ ಬರೆಯುವ ಜಾಗದಲ್ಲಿ ದಿನಾಂಕ ಬಿತ್ತು. ಅಳಿಯ ರಬ್ಬರು ಹುಡುಕಲು ಹೋದ.

“ಬೇಡ,” ಎಂದರು ಮಾವ. “ಸರ್ವೆಯಲ್ಲಿ ತಪ್ಪನ್ನ ಅಳಿಸೋ ಹಾಗಿಲ್ಲ. ಒಂದು ಗೀಟು ಎಳೀಬೇಕು, ಮೇಲೆ ಸರಿಯಾದ್ದು ಬರೀಬೇಕು, ಪಕ್ಕದಲ್ಲಿ ಸಹಿ ಹಾಕಬೇಕು. ತಪ್ಪು ಮಾಡಿದ್ದು ಕಾಣಬೇಕು, ತಿದ್ದಿದ್ದೂ ಕಾಣಬೇಕು.”

ಅಳಿಯನಿಗೆ ಕಂಡದ್ದು ಬೇರೆಯೇ. ‘ಬಂದವರು’ ಎನ್ನುವ ಕಡೆ ಮೂರು ಸಲವೂ ಒಂದೇ ಪದ: ಮೆಕ್ಯಾನಿಕ್. ಅವನು ಮೆಕ್ಯಾನಿಕ್ಕೇ, ಸುಳ್ಳೇನಲ್ಲ. ಅಂಗಡಿಯ ಬೋರ್ಡಿನ ಮೇಲೆ ಅದನ್ನು ತಾನೇ ದೊಡ್ಡದಾಗಿ ಬರೆಸಿದ್ದ. ಆದರೂ ಆ ಅಕ್ಷರಗಳು ಅವನ ಎದೆಗೆ ಮುಳ್ಳಿನ ಹಾಗೆ ಚುಚ್ಚಿದವು.

ಪುಸ್ತಕ ಮುಚ್ಚಿ ಮಾವ ಹೇಳಿದರು: “ನೀವು ಈ ಮನೆಗೆ ಬಂದ ಮೇಲೇ ಇದಕ್ಕೆ ಈ ರೋಗ ಹಿಡಿದಿದ್ದು. ಸುಮ್ನೆ ಗಮನಿಸಿದೆ, ಅಷ್ಟೇ. ಭಾನುವಾರ ದೊಡ್ಡ ಅಳಿಯಂದ್ರು ಬರ್ತಾರೆ. ಹೊಸ ಮೆಷಿನ್ನೇ ಕೊಡಿಸ್ತೀನಿ ಅಂದಿದ್ದಾರೆ.”

ಗಾಯದ ಮೇಲೆ ಉಪ್ಪು ಬೇರೆ. ಭಾನುವಾರ ಆ ಹೊಸ ಮೆಷಿನ್ನು ಹೊಸ್ತಿಲು ದಾಟಿದರೆ ಮುಗಿಯಿತು. ಮೆಕ್ಯಾನಿಕ್ ಅಳಿಯ ಮಾವನ ಮನೆಯ ಮೆಷಿನ್ನು ರಿಪೇರಿ ಮಾಡಲಾರದೆ ಬ್ಯಾಂಕಿನ ಅಳಿಯ ಬಂದು ಮಾನ ಉಳಿಸಿದ ಕತೆಯನ್ನು ನೆಂಟರು ಮೊಮ್ಮಕ್ಕಳ ಕಾಲದವರೆಗೂ ಹೇಳುತ್ತಾರೆ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಗುರುವಾರ ಅವನ ಹೆಂಡತಿ ತವರಿಗೆ ಹೋಗಿದ್ದವಳು ಮಧ್ಯಾಹ್ನ ನೇರ ಅಂಗಡಿಗೇ ಬಂದು ಫೋನು ಮುಂದೆ ಹಿಡಿದಳು. “ನೋಡ್ರೀ, ಅಪ್ಪ ನಿಮ್ಮ ಜಾತಕ ಬರೆದಿಟ್ಟಿದ್ದಾರೆ. ಫೋಟೋ ತೆಗೆದೆ.”

“ನನ್ನ ಹೊಟ್ಟೆ ಉರಿಸೋಕೆ ನಿಂಗೆ ಬೇರೆ ಕೆಲಸ ಇರಲಿಲ್ವಾ?”

ಎಂದರೂ ಓದಿದ. ಓದುತ್ತ ಓದುತ್ತ ‘ಸ್ಥಳ’ದ ಮೇಲೆ ಅವನ ಕಣ್ಣು ನಿಂತಿತು. ಸ್ಥಳ: ಹಜಾರ. ಫಲ: ಓಡಿತು. ಸ್ಥಳ: ಹಿಂಬಾಗಿಲ ಓಣಿ. ಫಲ: ಗುಂಯ್. ಮತ್ತೆ ಹಜಾರ, ಓಡಿತು. ಮತ್ತೆ ಓಣಿ, ಗುಂಯ್. ಅವನು ಇಲ್ಲದಾಗ ಓಡಿಸಿ ನೋಡಿದ್ದೂ ಸೇರಿ ಹನ್ನೊಂದು ಸಾಲಿದ್ದವು, ಹನ್ನೊಂದೂ ಹಾಗೆಯೇ. ದೇಶದ ಗಡಿ ಗುರುತಿಸುವಷ್ಟು ಕಟ್ಟುನಿಟ್ಟಾಗಿ ಬರೆದ ಮಾವ, ಬರೆದದ್ದನ್ನು ತಾವೇ ಓದಿರಲಿಲ್ಲ.

“ಓಣಿಯಾ? ಮೆಷಿನ್ನು ಮೊದಲಿಂದ ಅಲ್ಲೇ ಇತ್ತಾ?”

“ಇಲ್ಲಪ್ಪ. ಅಡುಗೆಮನೆ ಪಕ್ಕ ಇತ್ತು. ಮದುವೇಲಿ ನಮ್ಮ ಚಿಕ್ಕಪ್ಪ ಆ ಕಪಾಟು ಕೊಟ್ರಲ್ಲ, ನಮ್ಮನೆ ಬಾಗಿಲಲ್ಲಿ ಹಿಡಿಸದೆ ಅಪ್ಪನ ಮನೆಗೇ ವಾಪಸ್ಸು ಹೋಯ್ತಲ್ಲ, ಅದಕ್ಕೆ ಜಾಗ ಮಾಡೋಕೆ ಮೆಷಿನ್ನನ್ನ ಬಚ್ಚಲ ಪಕ್ಕದ ಓಣಿಗೆ ಸರಿಸಿದ್ರು.”

ಮೆಕ್ಯಾನಿಕ್ ತನ್ನ ಹಣೆಯನ್ನು ತಾನೇ ಚಚ್ಚಿಕೊಂಡ.

ಶುಕ್ರವಾರ ಬೆಳಗ್ಗೆ ಯಾರಿಗೂ ಹೇಳದೆ ಹಿಂಬಾಗಿಲಿನಿಂದಲೇ ಹೋದ. ಮಾವ ಆಗಷ್ಟೇ ವಾಕಿಂಗ್ ಹೊರಟಿದ್ದರು. ಮತ್ತೆ ಗುಂಯ್ ಎಂದು ನಿಂತ ಮೆಷಿನ್ನಿನಿಂದ ತೆಗೆದ ಬಟ್ಟೆಯನ್ನು ಅತ್ತೆ ಬಕೆಟ್ಟಿನಲ್ಲಿ ಹಿಂಡುತ್ತ ಕೂತಿದ್ದವರು ಅಳಿಯನನ್ನು ಕಂಡು ಕಕ್ಕಾಬಿಕ್ಕಿಯಾಗಿ ಎದ್ದು, ಸೆರಗಿನಲ್ಲಿ ಕೈ ಒರೆಸಿಕೊಳ್ಳುವುದನ್ನೂ ಬಿಟ್ಟು, ಮೆಷಿನ್ನಿನ ಪಕ್ಕದ ಏನನ್ನೋ ಟವೆಲ್ಲಿನಿಂದ ಮುಚ್ಚಲು ಹೋದರು. ಟವೆಲ್ಲು ಸಾಲಲಿಲ್ಲ.

ಅದೊಂದು ಮರದ ಪೆಟ್ಟಿಗೆ. ಮನೆಯಲ್ಲೇ ಮಾಡಿದ ಎಕ್ಸ್‌ಟೆನ್ಷನ್ ಬಾಕ್ಸು. ಓಣಿಯಲ್ಲಿ ಪ್ಲಗ್ಗಿಗೆ ಜಾಗವಿಲ್ಲದೆ ಮೆಷಿನ್ನಿಗೆ ಕರೆಂಟು ಬರುತ್ತಿದ್ದುದು ಇದರಿಂದಲೇ. ಉಜ್ಜಿ ಪಾಲಿಶ್ ಮಾಡಿದ ತೇಗ, ಮೂರು ಸಾಕೆಟ್ಟು, ಒಂದು ಕೆಂಪು ದೀಪ, ನಾಲ್ಕು ಮೂಲೆಗೆ ನಾಲ್ಕು ಹಿತ್ತಾಳೆ ಸ್ಕ್ರೂ. ನಾಲ್ಕೂ ಸ್ಕ್ರೂಗಳ ಸೀಳು ಒಂದೇ ದಿಕ್ಕಿಗೆ, ದಾರ ಹಿಡಿದು ನೋಡಿದಂತೆ ಅಡ್ಡಡ್ಡ. ಮಾಡಿದವರು ಯಾರು ಎಂದು ಕೇಳಬೇಕಾಗಿರಲಿಲ್ಲ.

“ನಿಮ್ಮ ಮಾವ ಮಾಡಿದ್ದು,” ಎಂದರು ಅತ್ತೆ. “ನಮ್ಮ ಮದುವೆಯಾದ ವರ್ಷ. ರೇಡಿಯೋಗೆ ಅಂತ. ನೀವು ಬರ್ತೀರಿ ಅಂದ್ರೆ ಸಾಕು, ಎತ್ತಿ ಮಂಚದ ಕೆಳಗೆ ತಳ್ಳಿಬಿಡೋರು.”

“ಯಾಕತ್ತೆ?”

“ಕಸುಬು ಗೊತ್ತಿರೋರು ಬರ್ತಾರೆ, ನೋಡಿದ್ರೆ ನಗ್ತಾರೆ ಅಂತ. ದೊಡ್ಡ ಅಳಿಯಂದ್ರು ಬಂದಾಗ ಮುಚ್ಚಿಡಲ್ಲ. ಅವರಿಗೇನು ಗೊತ್ತಾಗುತ್ತೆ.”

ಮೆಕ್ಯಾನಿಕ್ ಅಲ್ಲೇ ಬಕೆಟ್ಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಮದುವೆಯಾದಾಗಿನಿಂದ ಅವನು ಮಾವನಿಗೆ ಹೆದರುತ್ತಿದ್ದ. ಮಾವ ಅವನಿಗೆ ಹೆದರುತ್ತಿದ್ದರು. ನಡುವೆ ಪಾಪದ ಮೆಷಿನ್ನು ಹಜಾರಕ್ಕೂ ಓಣಿಗೂ ಓಡಾಡಿ ಸವೆದಿತ್ತು.

ಪೆಟ್ಟಿಗೆ ಮುಟ್ಟಿ ನೋಡಿದ. ಬಿಸಿ.

“ಇದು ಬಿಸಿಯಾಗುತ್ತೆ ಅಂತ ಗೊತ್ತಿತ್ತಾ ಅತ್ತೆ?”

“ಗೊತ್ತಿಲ್ದೆ ಏನು. ಚಳಿ ಇದ್ದಾಗ ಅದರ ಮೇಲೇ ಕಾಲುಚೀಲ ಒಣಗಿಸ್ತೀನಿ.”

ಅವನು ಮೀಟರಿನ ಕಡ್ಡಿಗಳನ್ನು ಖಾಲಿ ಸಾಕೆಟ್ಟಿಗೆ ಚುಚ್ಚಿದ. ಇನ್ನೂರ ಮೂವತ್ತು ವೋಲ್ಟು, ಲಕ್ಷಣವಾಗಿತ್ತು. ಅತ್ತೆಯಿಂದ ಮೆಷಿನ್ನಿನ ಗುಂಡಿ ಒತ್ತಿಸಿದ. ಮೋಟಾರು ಕರೆಂಟು ಎಳೆಯತೊಡಗಿದ್ದೇ ತಡ, ಅಂಕಿ ನೂರ ನಲವತ್ತಕ್ಕೆ ಕುಸಿಯಿತು. ಗುಂಯ್. ಕೂತಾಗ ಪೈಲ್ವಾನನಂತೆ ಕಾಣುವವನು ಮೂಟೆ ಹೊರಿಸಿದೊಡನೆ ಮೊಣಕಾಲೂರಿದಂತಾಯಿತು. ದೀಪ ಉರಿಸುವಷ್ಟು ಶಕ್ತಿ ಇತ್ತು, ಮೋಟಾರು ತಿರುಗಿಸುವಷ್ಟಿರಲಿಲ್ಲ. ಭಾನುವಾರ ಬರುವ ಹೊಸ ಮೆಷಿನ್ನಿಗೂ ಇಲ್ಲಿ ಇದೇ ಗತಿ.

“ಮಾವ ಬರೋಕೆ ಎಷ್ಟು ಹೊತ್ತಿದೆ?”

ಅತ್ತೆ ಗಡಿಯಾರ ನೋಡಿದರು. “ಮೂವತ್ತೊಂದು ನಿಮಿಷ.”

“ಇದನ್ನ ಬಿಚ್ತೀನಿ. ಹೊರಗಡೆ ಹೇಗಿದೆಯೋ ಹಾಗೇ ಇರುತ್ತೆ, ಒಳಗಡೆ ಮಾತ್ರ ಬದಲಾಯಿಸ್ತೀನಿ. ಅವರಿಗೆ ಗೊತ್ತಾಗೋದು ಬೇಡ.”

ಅತ್ತೆ ಹೋಗಿ ಮುಂಬಾಗಿಲಲ್ಲಿ ಕಾವಲು ನಿಂತರು. ಕಾಫಿ ಬೇಕಾ ಎಂದು ಕೂಡ ಕೇಳಲಿಲ್ಲ. ಅವರ ಜೀವನದಲ್ಲೇ ಅದು ಮೊದಲು.

ಒಳಗೆ ಕಾಲಿಂಗ್ ಬೆಲ್ಲಿಗೆ ಹಾಕುವಂಥ ತೆಳ್ಳನೆಯ ವೈರು. ಬುಡದಲ್ಲಿ ಸುಟ್ಟು ಕರಿಕಾಗಿತ್ತು. ಸಾಕೆಟ್ಟಿನಲ್ಲಿ ಪ್ಲಗ್ಗನ್ನು ಕಚ್ಚಿಕೊಳ್ಳುವ ಒಂದು ಹಿಡಿ ಸಡಿಲಾಗಿ ಕಿಡಿ ಹಾರಿದ ಗುರುತು. ಆದರೆ ಪ್ರತಿ ವೈರೂ ಗೆರೆ ಎಳೆದ ಹಾಗೆ ನೇರ, ಪ್ರತಿ ಮೂಲೆಯೂ ಅಳತೆಪಟ್ಟಿಯಲ್ಲಿ ಮಡಿಸಿದಂತೆ. ಮುಚ್ಚಳದ ಒಳಮೈ ಮೇಲೆ ಪೆನ್ಸಿಲಿನಲ್ಲಿ ಮಾವನ ಅಕ್ಷರ: ‘ಅವಳಿಗಾಗಿ’. ಮೆಕ್ಯಾನಿಕ್ ನಗಲಿಲ್ಲ. ಇಷ್ಟು ಶ್ರದ್ಧೆ ತಾನು ಯಾವ ಕೆಲಸದಲ್ಲಿ ತೋರಿಸಿದ್ದೇನೆ ಎಂದು ಯೋಚಿಸಿದ.

ದಪ್ಪ ವೈರು ಹಾಕಿದ, ಸಾಕೆಟ್ಟುಗಳ ಒಳಭಾಗ ಬದಲಾಯಿಸಿದ, ಅರ್ಥಿಂಗ್ ಇಲ್ಲದ್ದಕ್ಕೆ ಅರ್ಥಿಂಗ್ ಕೊಟ್ಟ. ಕೊನೆಯ ಸ್ಕ್ರೂ ಬಿಗಿಯುವಾಗ ಮುಂಬಾಗಿಲಿನಿಂದ ಅತ್ತೆಯ ಕೆಮ್ಮು ಕೇಳಿತು. ಉಪಕರಣಗಳನ್ನು ಚೀಲಕ್ಕೆ ತುರುಕಿ ಎದ್ದ. ಮಾವ ಓಣಿಗೆ ಬರುವಷ್ಟರಲ್ಲಿ ಮೆಷಿನ್ನು ಬಟ್ಟೆಯನ್ನು ಗರಗರ ತಿರುಗಿಸುತ್ತಿತ್ತು. ಮಾವನ ಕಣ್ಣು ಮೊದಲು ಪೆಟ್ಟಿಗೆಗೆ, ಆಮೇಲೆ ಅಳಿಯನ ಮುಖಕ್ಕೆ ಹೋಯಿತು. ಅಳಿಯ ಪೆಟ್ಟಿಗೆಯೇ ಕಾಣದವನಂತೆ ನಿಂತಿದ್ದ.

ಪುಸ್ತಕ ಬಂತು. “ಏನಾಗಿತ್ತು?”

“ಮೊದಲ ಸಲ ನಾನು ಹಾಕಿದ ಕೆಪಾಸಿಟರ್ ಸರಿ ಇರಲಿಲ್ಲ ಮಾವ. ತಪ್ಪು ನಂದೇ.”

ಮಾವ ಬರೆದರು. ದೋಷ: ಮೆಕ್ಯಾನಿಕ್‌ನ ತಪ್ಪು. ಅಡುಗೆಮನೆಯಲ್ಲಿ ಅತ್ತೆ ಪಾತ್ರೆಯೊಂದನ್ನು ಬೇಕಂತಲೇ ಜೋರಾಗಿ ಕುಕ್ಕಿದರು. ಅಳಿಯ ತಲೆ ತಗ್ಗಿಸಿ ಹೊರಟ. ಮೆಷಿನ್ನು ಓಡಿತು, ಮಾನ ಉಳಿಯಲಿಲ್ಲ ಎಂದು ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡ.

ಭಾನುವಾರ ಊಟಕ್ಕೆ ಎಲ್ಲರೂ ಸೇರಿದರು. ಬ್ಯಾಂಕ್ ಮ್ಯಾನೇಜರು ಸೋಫಾದಲ್ಲಿ ಒರಗಿ, “ಎರಡು ದಿನದಿಂದ ಓಡ್ತಿದೆಯಂತೆ, ಸಂತೋಷ. ಆದ್ರೂ ನಾಲ್ಕು ಸಲ ಬಿಚ್ಚಿದ ಮೆಷಿನ್ನು, ಎಷ್ಟು ದಿನ ನಂಬೋಕಾಗುತ್ತೆ? ನಾನು ಅಂಗಡಿಯವರಿಗೆ ಹೇಳಿಟ್ಟಿದ್ದೀನಿ,” ಎಂದರು. ಮೆಕ್ಯಾನಿಕ್ ನೀರಿನ ಲೋಟದಲ್ಲಿ ಮುಖ ಹುದುಗಿಸಿದ.

ಮಾವ ಒಳಗೆ ಹೋಗಿ ಪುಸ್ತಕ ತಂದು ದೊಡ್ಡ ಅಳಿಯನ ಕೈಗಿಟ್ಟರು. “ಕೊನೇ ಪುಟ ಓದಿ. ಎಲ್ಲರಿಗೂ ಕೇಳಿಸೋ ಹಾಗೆ.”

ಮ್ಯಾನೇಜರು ಕನ್ನಡಕ ಏರಿಸಿ ಓದತೊಡಗಿದರು. “ದೋಷ: ಮೆಕ್ಯಾನಿಕ್‌ನ ತಪ್ಪು… ಇದಕ್ಕೆ ಗೀಟು ಹಾಕಿದೆ.” ಪುಸ್ತಕವನ್ನು ಇನ್ನಷ್ಟು ಹತ್ತಿರ ಹಿಡಿದರು. “ಮೇಲೆ ಬರೆದಿದೆ. ದೋಷ: ಪೆಟ್ಟಿಗೆಯೊಳಗಿನ ವೈರು. ಮಾಡಿದವನು: ನಾನು. ಮುಚ್ಚಿಟ್ಟವನು: ನಾನು. ಸರಿ ಮಾಡಿದವರು…”

“ಓದಿ,” ಎಂದರು ಮಾವ.

“ಸರಿ ಮಾಡಿದವರು: ನಮ್ಮ ಅಳಿಯ. ಸಹಿ.”

ಮ್ಯಾನೇಜರು ಹಿಂದಿನ ಪುಟ ತಿರುವಿದರು. ‘ಬಂದವರು’ ಎನ್ನುವ ಕಡೆ ಮೂರು ಸಲವೂ ‘ಮೆಕ್ಯಾನಿಕ್’ಗೆ ಗೀಟು, ಮೂರು ಸಲವೂ ಮೇಲೆ ‘ಅಳಿಯಂದಿರು’, ಪಕ್ಕದಲ್ಲಿ ಮೂರು ಪುಟ್ಟ ಸಹಿ. ಮೆಕ್ಯಾನಿಕ್ಕನ ಹೆಂಡತಿ ಅಪ್ಪನ ಮುಖ ನೋಡಿ, ಕಣ್ಣು ಒರೆಸಿಕೊಳ್ಳಲು ಅಡುಗೆಮನೆಗೆ ಎದ್ದು ಹೋದಳು.

“ನಿಮಗೆ ಹೇಗೆ ಗೊತ್ತಾಯ್ತು ಮಾವ?” ಎಂದ ಮೆಕ್ಯಾನಿಕ್.

“ನನ್ನ ಪೆಟ್ಟಿಗೇಲಿ ನಾಲ್ಕು ಸ್ಕ್ರೂನೂ ಅಡ್ಡ ಇರುತ್ತೆ. ಮೂವತ್ತೆಂಟು ವರ್ಷದಿಂದ ಹಾಗೇ ಇದೆ. ಈಗ ಮೂರು ಅಡ್ಡ, ಒಂದು ಉದ್ದ.” ಮಾವ ಕೆಮ್ಮಿದರು. “ವೈರಿನ ಕೆಲಸ ಚೆನ್ನಾಗಿದೆ. ಬಿಚ್ಚಿ ನೋಡಿದೆ. ಆದ್ರೆ ಆ ಒಂದು ಸ್ಕ್ರೂ ಇದೆಯಲ್ಲ, ಎರಡು ರಾತ್ರಿಯಿಂದ ನಂಗೆ ನಿದ್ದೆ ಇಲ್ಲ.”

“ಬಿಚ್ಚಿದವರು ನೀವೇ ಸರಿ ಮಾಡಬಹುದಿತ್ತಲ್ಲ?” ಎಂದ ಚಿಕ್ಕ ಅಳಿಯ.

“ಮನೇಲಿ ಕಸುಬುದಾರ ಅಳಿಯ ಇರುವಾಗ ನಾನ್ಯಾಕೆ ಮಾಡ್ಲಿ?”

ಅಳಿಯ ಚೀಲದಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು ಓಣಿಗೆ ನಡೆದ. ಅತ್ತೆ ಹಿಂದೆಯೇ ದಿಂಬು ತಂದರು. ಅವನು ಬೇಡ ಎಂದು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತ. ಮಾವ ಪಕ್ಕದಲ್ಲಿ ಬಗ್ಗಿ, ಒಂದು ಕಣ್ಣು ಮುಚ್ಚಿ, ಗಡಿಕಲ್ಲು ನೆಡುವಾಗ ನೋಡುತ್ತಿದ್ದಂತೆ ನೋಡುತ್ತ, “ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ,” ಎನ್ನುತ್ತಿದ್ದರು. ಕಾಲು ಸುತ್ತು ತಿರುಗಿದ ಮೇಲೆ, “ಹಾಂ, ಸಾಕು,” ಎಂದು ಅಳಿಯನ ಹೆಗಲ ಮೇಲೆ ಕೈಯೂರಿ ಎದ್ದರು.