ಕುಲ್ಸುಮ್ ಫುಪ್ಪು, ಪ್ರೋಟೀನು ಮತ್ತು ತೊಂಬತ್ತೆಂಟು ಪರ್ಸೆಂಟು

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಮದ್ದೂರಿನಲ್ಲಿ ಯಾರನ್ನೇ ಹೀಗೆ ಕೇಳಿದರೂ ಮೊದಲು ಕಾಫಿ ಆಯಿತೇ ಎನ್ನುತ್ತಾರೆ. ಆಯಿತು. ವಡೆಯೂ ಆಯಿತು. (ಮದ್ದೂರು ಎಂದ ಮೇಲೆ ವಡೆ ಬರಲೇಬೇಕೆಂದು ಕಾಯುತ್ತಿದ್ದವರು ಇನ್ನು ನೆಮ್ಮದಿಯಾಗಿ ಓದಬಹುದು.)

ಮೊದಲ ಪ್ರಯತ್ನ: “ಜೀವಕೋಶದ ಆಳದಲ್ಲಿ, ಕಣ್ಣಿಗೆ ಕಾಣದ ಮಾಯಾಲೋಕವೊಂದರಲ್ಲಿ...”

ಎರಡನೇ ಸಾಲಿಗೆ ಬರುವಷ್ಟರಲ್ಲಿ ನನಗೇ ಆಕಳಿಕೆ ಬಂತು. ಹರಿದೆ.

ಎರಡನೇ ಪ್ರಯತ್ನ: “ಶಬ್ರೀನಳ ಕಣ್ಣುಗಳಲ್ಲಿ ಕನಸುಗಳಿದ್ದವು.”

“ನಿದ್ದೆ ಇತ್ತು ಸರ್,” ಎಂದಳು ಶಬ್ರೀನ್. “ಬೆಳಗ್ಗೆ ಟ್ರೇನಲ್ಲಿ ಸೀಟು ಸಿಗಬೇಕಂದ್ರೆ ಬೇಗ ಏಳಬೇಕು. ಕನಸು ಕಾಣೋಕೆ ಪುರುಸೊತ್ತೆಲ್ಲಿ?”

ಅದನ್ನೂ ಹೊಡೆದುಹಾಕಿದೆ. ಇನ್ನು ನೇರವಾಗಿ ಹೇಳಿಬಿಡುತ್ತೇನೆ.

೧

ಶಬ್ರೀನ್ ಮದ್ದೂರಿನ ಸ್ಕೂಟರ್ ಮೆಕ್ಯಾನಿಕ್ ಮೆಹಬೂಬ್ ಪಾಷಾ ಅವರ ಮಗಳು. ಮಂಡ್ಯದ ಕಾಲೇಜೊಂದರಲ್ಲಿ ಎಂಎಸ್ಸಿ ಕೊನೆಯ ವರ್ಷ. ಅವಳ ಪ್ರಾಜೆಕ್ಟು ಒಂದು ಕಂಪ್ಯೂಟರ್ ಪ್ರೋಗ್ರಾಂ. ಪ್ರೋಟೀನು ಕೊಟ್ಟರೆ ಅದು ಯಾವ ಕುಟುಂಬದ್ದು ಎಂದು ಹೇಳಬೇಕು.

(ಪ್ರೋಟೀನು ಅಂದರೆ ಕಾಳಿನ ಸಾರು ಎಂಬುದು ಅಲ್ಲಿಯವರೆಗೆ ನನ್ನ ತಿಳಿವಳಿಕೆಯಾಗಿತ್ತು. ಅವಳು ತಾಳ್ಮೆಯಿಂದ ತಿದ್ದಿದಳು. ಇಪ್ಪತ್ತು ಬಗೆಯ ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಸರವೇ ಪ್ರೋಟೀನು. ಒಂದೊಂದು ಮಣಿಗೂ ಒಂದೊಂದು ಅಕ್ಷರದ ಗುರುತು. ಹಾಗಾಗಿ ಇಡೀ ಸರವನ್ನು ಅಕ್ಷರಗಳ ಉದ್ದನೆಯ ಸಾಲಾಗಿ ಬರೆಯಬಹುದು. ಒಂದೇ ಮೂಲದಿಂದ ಕವಲೊಡೆದ ಸರಗಳು ಒಂದು ಕುಟುಂಬ. ಕುಟುಂಬ ಗೊತ್ತಾದರೆ ಅದು ಮೈಯೊಳಗೆ ಏನು ಕೆಲಸ ಮಾಡುತ್ತದೆಂದು ಊಹಿಸಬಹುದು. ನನಗೆ ಅರ್ಥವಾಯಿತು ಎಂದರೆ ನಿಮಗೂ ಆಗಿರಲೇಬೇಕು.)

ಪ್ರೋಗ್ರಾಮಿಗೆ ಅವಳು ಸಾವಿರಾರು ಸರಗಳನ್ನು ತೋರಿಸಿ ಕಲಿಸಿದಳು. ತೋರಿಸದೆ ಎತ್ತಿಟ್ಟಿದ್ದ ಸರಗಳ ಮೇಲೆ ಪರೀಕ್ಷೆ ಮಾಡಿದಳು. ನೂರಕ್ಕೆ ತೊಂಬತ್ತೆಂಟು ಸರಿ!

ಗೈಡ್ ರಘುನಂದನ್ ಸರ್ ಕುರ್ಚಿಯಿಂದ ಎದ್ದೇ ಬಿಟ್ಟರು. ಮೈಸೂರಿನ ಒಂದು ಲ್ಯಾಬಿನ ಮೇಡಂಗೆ ಆ ಕ್ಷಣವೇ ಫೋನ್ ಮಾಡಿ ಹೇಳಿದರು. ಮೇಡಂ ಲ್ಯಾಬಿನಲ್ಲಿ ಒಂದೇ ಒಂದು ಜಾಗ ಖಾಲಿ ಇತ್ತು. ಬರುವ ಶುಕ್ರವಾರ ಪ್ರಾಜೆಕ್ಟ್ ವೈವಾಕ್ಕೆ ತಾವೇ ಬಂದು ನೋಡುತ್ತೇನೆ, ಹಿಡಿಸಿದರೆ ಆ ಜಾಗ ಹುಡುಗಿಗೆ ಎಂದರು. ಶಬ್ರೀನ್ ಆ ಜಾಗವನ್ನು ಎಷ್ಟು ಬಯಸಿದಳೆಂದರೆ ಬಸ್ಸಿನಲ್ಲಿ ಪಕ್ಕದವರು ಮೈಸೂರು ಎಂದರೂ ಅವಳ ಕಿವಿ ನೆಟ್ಟಗಾಗುತ್ತಿತ್ತು.

ಇತ್ತ ಪಾಷಾ ಅವರ ಶೆಡ್ಡಿನಲ್ಲಿ ಬ್ರೇಕ್ ಸರಿ ಮಾಡಿಸಲು ಬಂದವರಿಗೆಲ್ಲ ಸುದ್ದಿ ಕಡ್ಡಾಯ.

“ನನ್ ಮಗಳ ಕಂಪ್ಯೂಟ್ರು ತೊಂಬತ್ತೆಂಟು ತಗೊಂಡೈತೆ ಕಣ್ಲಾ ಸಿದ್ದರಾಜು.”

“ಕಂಪ್ಯೂಟ್ರು ಮಾತು ಬುಡಣ್ಣ, ಮಗಳು ಎಷ್ಟು ತಗೊಂಡ್ಳು ಏಳು.”

೨

(ಇಲ್ಲಿ ಒಂದು ಪ್ರೇಮಪ್ರಸಂಗ ಬರೆದಿದ್ದೆ. ಶಬ್ರೀನ್ ಓದಿ ಡಿಲೀಟ್ ಒತ್ತಿದಳು. ಆದ್ದರಿಂದ ಅಂಕಿ ಎರಡು ಮಾತ್ರ ಉಳಿದಿದೆ.)

೩

ಸೋಮವಾರ ಮಳವಳ್ಳಿಯಲ್ಲಿ ನೆಂಟ ಇಲ್ಯಾಸ್ ಅವರ ಮನೆಯ ಮದುವೆ. ಶಬ್ರೀನ್ ತನ್ನ ಸೋದರತ್ತೆಯ ಜೊತೆ ಹೋದಳು. ಕುಲ್ಸುಮ್ ಫುಪ್ಪು ಎಂದರೆ ಪಾಷಾ ಅವರ ಅಕ್ಕ. ಮುಖ ನೋಡಿ ಮನೆತನ ಹೇಳುವುದರಲ್ಲಿ ಅವರನ್ನು ಮೀರಿಸಿದವರಿಲ್ಲ ಎಂದು ಅವರೇ ಹೇಳುತ್ತಾರೆ.

(ಮನೆಯಲ್ಲಿ ಇವರಾಡುವುದು ಉರ್ದು. ನಿಮಗೋಸ್ಕರ ಕನ್ನಡದಲ್ಲಿ ಬರೆಯುತ್ತಿದ್ದೇನೆ ಎಂದು ಫುಪ್ಪುವಿಗೆ ಹೇಳಿದ್ದಕ್ಕೆ, “ನಂಗೇನು ಕನ್ನಡ ಬರಾಕಿಲ್ವಾ? ನೀನು ಬರೆಯೋದಕ್ಕಿಂತ ಚೆಂದಾಗಿ ಬತ್ತದೆ,” ಎಂದು ಗದರಿದರು.)

ಛತ್ರದಲ್ಲಿ ಹೆಂಗಸರ ಕಡೆ ಫುಪ್ಪು ಒಂದು ಕುರ್ಚಿ ಹಿಡಿದು ಕೂತರು. ಹಾದು ಹೋಗುವ ಹುಡುಗಿಯರನ್ನೆಲ್ಲ ಗಲ್ಲ ಹಿಡಿದು ನಿಲ್ಲಿಸಿದರು.

“ಏಯ್, ನಿಲ್ಲು. ನೀನು ಬಳೆ ಅಂಗಡಿ ಇಲ್ಯಾಸ್ ಮನೆಯೋಳು.”

“ಹೆಂಗೆ ಗೊತ್ತಾಯ್ತು?”

“ಮೂಗು ಕೂಗಿ ಏಳ್ತಾ ಐತೆ. ನೀನು ಬಾ ಇಲ್ಲಿ. ಈ ನಡಿಗೆ ಟೈಲರ್ ಮನೇದು. ನಿಮ್ಮಜ್ಜಿನೂ ಇಂಗೇ ಬಾತುಕೋಳಿ ಥರ ನಡೀತಿದ್ಲು.”

ಒಂದೂ ತಪ್ಪಲಿಲ್ಲ. ಊಟಕ್ಕೆ ಕೂರುವ ಹೊತ್ತಿಗೆ ಫುಪ್ಪುವಿಗೆ ಅಮಲೇ ಏರಿತ್ತು.

“ನಿನ್ ಕಂಪ್ಯೂಟ್ರಿಗೆ ತೊಂಬತ್ತೆಂಟು, ನಂಗೆ ನೂರು. ಬರ್ಕೊ ಬೇಟಿ!”

ಮದುವೆಗೆ ಬರಲಾಗದ ಗೆಳತಿಯೊಬ್ಬರಿಗೆ ಊಟದ ಪಾಲು ತಲುಪಿಸಬೇಕೆಂದು ಇಬ್ಬರೂ ಬಿರಿಯಾನಿ ಡಬ್ಬಿ ಹಿಡಿದು ಹಲಗೂರಿಗೆ ಹೋದರು. ಬಸ್ಸಿಳಿದರೆ, ಸ್ಟಾಪಿನ ಕಲ್ಲಿನ ಮೇಲೆ ಬಿಸಿಲಿಗೆ ತಲೆ ತುಂಬ ಸೆರಗು ಹೊದ್ದ ಹೆಂಗಸೊಬ್ಬಳು ಕೂತಿದ್ದಳು. ಫುಪ್ಪು ಒಂದೇ ನೋಟಕ್ಕೆ ನಿಂತುಬಿಟ್ಟರು.

“ಇಲ್ಯಾಸ್ ಮನೆ ಮೂಗು!”

ಶಬ್ರೀನ್ ತಡೆಯುವ ಮೊದಲೇ ಹೋಗಿ ಗಲ್ಲ ಹಿಡಿದಾಗಿತ್ತು. “ಸ್ವಂತ ಅಣ್ಣನ ಮನೆ ಮದುವೆಗೆ ಬರ್ದೆ ಇಲ್ಲಿ ಕೂತಿದ್ದೀಯಲ್ಲೇ, ನಾಚ್ಕೆ ಆಗಾಕಿಲ್ವಾ? ಮೂರು ಸಲ ಫೋನ್ ಮಾಡವ್ನೆ ಪಾಪ. ತಗೋ, ತಿನ್ನು!” ಎಂದು ಡಬ್ಬಿಯನ್ನು ಅವಳ ಮಡಿಲಿಗೆ ತುರುಕಿದರು.

ಹೆಂಗಸು ಡಬ್ಬಿಯನ್ನು ನೋಡಿದಳು. ಫುಪ್ಪುವನ್ನು ನೋಡಿದಳು.

“ಯಾವ್ ಮದ್ವೆ ಕಣವ್ವ? ನಾನು ಚಲುವಮ್ಮ. ಮಾದಯ್ಯನ ಎಂಡ್ರು. ತವರ್ಗೆ ಓಯ್ತಾ ಇವ್ನಿ, ಬಸ್ಸೇ ಬರ್ನಿಲ್ಲ.” ಡಬ್ಬಿಯ ಮುಚ್ಚಳ ಸ್ವಲ್ಪ ಎತ್ತಿ ಮೂಸಿ ನಿಟ್ಟುಸಿರಿಟ್ಟಳು. “ಇವತ್ತು ಸ್ವಾಮಾರ ಕಣವ್ವ, ನಾನು ಬಾಡು ತಿನ್ನಾಕಿಲ್ಲ. ನಾಳಿಕೆ ಬಂದು ಬೈಬಾರ್ದಿತ್ತಾ? ಓಗ್ಲಿ ಬುಡು. ಮದ್ವೆ ಉಡುಗ ಏನ್ ಮಾಡ್ತಾವ್ನೆ?”

“ಮೊಬೈಲ್ ಅಂಗಡಿ ಇಟ್ಟವ್ನೆ,” ಎಂದು ಫುಪ್ಪು ಪಕ್ಕದಲ್ಲೇ ಕೂತುಬಿಟ್ಟರು. ಬಸ್ಸು ಬರುವಷ್ಟರಲ್ಲಿ ಇಬ್ಬರೂ ಯಾರ್ಯಾರ ಸೊಸೆಯಂದಿರನ್ನು ಬೈದು ಮುಗಿಸಿದರೋ, ಹೇಳಿದರೆ ಕಥೆ ಉದ್ದವಾಗುತ್ತದೆ.

ಶಬ್ರೀನ್ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದವಳು ಥಟ್ಟನೆ ನಗು ನಿಲ್ಲಿಸಿದಳು.

ಛತ್ರದಲ್ಲಿ ಫುಪ್ಪು ಯಾಕೆ ತಪ್ಪಲಿಲ್ಲ? ಅಲ್ಲಿದ್ದವರೆಲ್ಲ ಅವರು ಮೊದಲೇ ಕಂಡವರ ತಂಗಿಯರು, ಮಕ್ಕಳು, ಮೊಮ್ಮಕ್ಕಳು. ಹಾಗಾದರೆ ತಾನು ತನ್ನ ಪ್ರೋಗ್ರಾಮಿಗೆ ಪರೀಕ್ಷೆ ಕೊಟ್ಟದ್ದೆಲ್ಲಿ? ಛತ್ರದೊಳಗೋ, ಬಸ್‌ಸ್ಟಾಪಿನಲ್ಲೋ?

೪

ಮನೆಗೆ ಬಂದವಳೇ ತೆಗೆದು ನೋಡಿದಳು. ಛತ್ರವೇ. ಎಲ್ಲ ಸರಗಳನ್ನೂ ಕಲಸಿ ಎರಡು ಪಾಲು ಮಾಡಿದ್ದಳಲ್ಲ, ಇಲಿಯ ಪ್ರೋಟೀನು ಕಲಿಯುವ ಕಡೆಗೂ, ಹೆಚ್ಚುಕಡಿಮೆ ಅದೇ ಅಚ್ಚಿನ ಹೆಗ್ಗಣದ ಪ್ರೋಟೀನು ಪರೀಕ್ಷೆಯ ಕಡೆಗೂ ಬಿದ್ದಿತ್ತು. ಅಣ್ಣನನ್ನು ತೋರಿಸಿ ತಮ್ಮನನ್ನು ಗುರುತಿಸು ಎಂದ ಹಾಗೆ. ಈ ಸಲ ಹತ್ತಿರದ ಹೋಲಿಕೆಯವರನ್ನೆಲ್ಲ ಒಂದೇ ಪಾಲಿಗೆ ಹಾಕಿದಳು. ಪರೀಕ್ಷೆಗೆ ದೂರದ ನೆಂಟರು ಮಾತ್ರ ಉಳಿಯುವಂತೆ ನೋಡಿಕೊಂಡು, ಮೊದಲಿಂದ ಕಲಿಸಿ, ಮತ್ತೆ ಓಡಿಸಿದಳು.

ಅರವತ್ತೊಂದು.

(ಇಲ್ಲಿ ಕುಲ್ಸುಮ್ ಫುಪ್ಪು ಕಥೆಯೊಳಗೆ ನುಗ್ಗಿದರು. “ಛತ್ರ ತುಂಬ ಜನಾನ ಸರಿಯಾಗಿ ಏಳ್ದೆ, ಅದನ್ನ ನೀನು ಒಂದು ಸಾಲಲ್ಲಿ ಮುಗಿಸ್ದೆ. ಒಬ್ಬಳನ್ನ ತಪ್ಪು ಏಳಿದ್ದಕ್ಕೆ ಪುಟಗಟ್ಟಲೆ ಬರ್ದಿದ್ದೀಯಲ್ಲಪ್ಪ!”

“ಕಥೆ ಇರೋದೇ ತಪ್ಪಲ್ಲಿ ಫುಪ್ಪು.”

“ಆಗಿದ್ರೆ ನಿನ್ ತಪ್ಪು ಆಕ್ಕೊ.”

ಅವರ ಡೈಲಾಗು ಎರಡು ಸಾಲು ಹೆಚ್ಚಿಸಿದ್ದೇನೆ.)

ರಘುನಂದನ್ ಸರ್‌ಗೆ ಹೇಳಿದಾಗ ಅವರು ಕನ್ನಡಕ ತೆಗೆದು ಒರೆಸಿದರು. “ಮೇಡಂಗೆ ತೊಂಬತ್ತೆಂಟು ಅಂತ ಹೇಳಿಬಿಟ್ಟಿದ್ದೀನಲ್ಲಮ್ಮ. ಡೇಟಾನ ಎಷ್ಟೋ ಜನ ಹಾಗೇ ಹಂಚ್ತಾರೆ. ಯಾರೂ ಕೇಳಲ್ಲ.”

“ನಂಗೆ ಗೊತ್ತಾಯ್ತಲ್ಲ ಸರ್.”

(ಇವರನ್ನು ಖಳನಾಯಕ ಮಾಡೋಣವೆಂದು ದಪ್ಪ ಮೀಸೆ ಅಂಟಿಸಿ ನೋಡಿದೆ. ನಿಲ್ಲಲಿಲ್ಲ. ಒಳ್ಳೆಯ ಮನುಷ್ಯ, ಶಿಷ್ಯೆಗೆ ಜಾಗ ಸಿಗಲಿ ಎಂಬ ಆಸೆ, ಅಷ್ಟೇ.)

“ನಿನ್ನಿಷ್ಟ,” ಎಂದರು. “ಆದ್ರೆ ಇರೋದು ಒಂದೇ ಜಾಗ. ಅರವತ್ತೊಂದು ನೋಡಿ ಅವ್ರು ಎದ್ದು ಹೋದ್ರೆ ನಾನೇನೂ ಮಾಡೋಕಾಗಲ್ಲ.”

ಈಗ ಕೊನೆಗೆ ಬರೋಣ. ಸ್ಟಾಕಿನಲ್ಲಿ ಮೂರಿವೆ.

ಅಂತ್ಯ ಒಂದು: ಶಬ್ರೀನ್ ತೊಂಬತ್ತೆಂಟನ್ನೇ ತೋರಿಸುತ್ತಾಳೆ. ಕೆಲಸ ಸಿಗುತ್ತದೆ.

“ಬೇಡ ಸರ್,” ಎಂದಳು. “ಅಲ್ಲಿ ಸೇರಿದ ದಿನಾನೇ ಯಾರೂ ಕಾಣದ ಪ್ರೋಟೀನು ಕೈಗೆ ಕೊಟ್ಟು ಇದೇನು ಹೇಳು ಅಂತಾರೆ. ಆಗ ನನ್ನ ಜೊತೆ ನಿಂತ್ಕೊಳ್ಳೋಕೆ ನೀವು ಬರ್ತೀರಾ?”

ಅಂತ್ಯ ಎರಡು: ಅರವತ್ತೊಂದು ಎನ್ನುತ್ತಾಳೆ. ಆ ಪ್ರಾಮಾಣಿಕತೆಗೆ ಮೇಡಂ ಕಣ್ಣೀರಾಗಿ ಅವಳನ್ನು ಅಪ್ಪಿಕೊಳ್ಳುತ್ತಾರೆ.

ಪಾಷಾ ಸ್ಪ್ಯಾನರ್ ಕೆಳಗಿಟ್ಟರು. “ಸಾರ್, ಇಂಜಿನ್ ಹೋಗೈತೆ ಅಂತ ನಿಜ ಹೇಳಿದ್ದಕ್ಕೆ ನನ್ನ ಇದುವರ್ಗೂ ಯಾರೂ ತಬ್ಕೊಂಡಿಲ್ಲ.”

ಅಂತ್ಯ ಎರಡೂವರೆ: ಮೇಡಂ ಎದ್ದು ಹೋಗುತ್ತಾರೆ. ಶಬ್ರೀನ್ ಮಂಡ್ಯ ಸ್ಟೇಷನ್ನಿನಲ್ಲಿ ಒಬ್ಬಳೇ ಕೂತು...

“ಮಗೀನ ಅಳ್ಸಿ ನೋಡು,” ಎಂದರು ಫುಪ್ಪು. ನೋಡಲಿಲ್ಲ.

೫

ಶುಕ್ರವಾರ. ಪರದೆಯ ಮೇಲೆ ಅರವತ್ತೊಂದು, ದಪ್ಪ ಅಕ್ಷರದಲ್ಲಿ. ಯಾರ ಸಲಹೆಯೂ ಇಲ್ಲದೆ ಅವಳೇ ಹಾಕಿದ್ದು. ಮೇಡಂ ಮುಂದಕ್ಕೆ ಬಾಗಿದರು.

“ಸಿಕ್ಸ್ಟಿ ಒನ್? ಫೋನಲ್ಲಿ ಬೇರೆ ನಂಬರ್ ಕೇಳಿದ ನೆನಪು.”

ರಘುನಂದನ್ ಸರ್ ಫ್ಯಾನಿನ ರೆಕ್ಕೆ ಎಣಿಸತೊಡಗಿದರು. ಶಬ್ರೀನಳಿಗೆ ಯಾಕೋ ಒಳಗಿಂದ ನಗು ಉಕ್ಕಿ ಬರುತ್ತಿತ್ತು.

“ಅದು ತಪ್ಪು ನಂಬರ್ ಮೇಡಂ. ತಪ್ಪು ನನ್ನದೇ. ಹೆಂಗೆ ಗೊತ್ತಾಯ್ತು ಅಂತ ಹೇಳ್ಬೇಕಂದ್ರೆ ಸ್ವಲ್ಪ ಟೈಮ್ ಬೇಕು.”

ಮೇಡಂ ಕೈಗಡಿಯಾರ ನೋಡಿದರು. ಬಿಚ್ಚಿ ಮೇಜಿನ ಮೇಲಿಟ್ಟರು. “ಹೇಳು.”

ಇಲ್ಲಿ ನಾನು ಪೆನ್ನು ಸರಿಮಾಡಿಕೊಂಡೆ. ಲೇಖಕನಿಗೆ ಇಂಥ ಗಳಿಗೆ ಸುಮ್ಮನೆ ಸಿಗುವುದಿಲ್ಲ. ಅವಳ ಬಾಯಿಗೆ ಒಂದು ಅದ್ಭುತವಾದ ಭಾಷಣ...

“ಸರ್,” ಎಂದಳು ಶಬ್ರೀನ್ ನನ್ನ ಕಡೆ ತಿರುಗಿ. “ಸ್ವಲ್ಪ ಹೊರಗಿರ್ತೀರಾ? ಇದನ್ನ ನಾನೇ ಹೇಳ್ತೀನಿ. ಬಾಗಿಲು ಹಾಕ್ಕೊಂಡು ಹೋಗಿ, ಏಸಿ ಆನ್ ಇದೆ.”

ಹೋದೆ. ಏನು ಮಾಡಲಿ? ಕಾರಿಡಾರಿನಲ್ಲಿ ಪಾಷಾ ಅವರೂ ಫುಪ್ಪುವೂ ಕಾಯುತ್ತಿದ್ದರು.

“ಏನಾಯ್ತು ಸಾರ್?”

“ಗೊತ್ತಿಲ್ಲ.”

“ಬರೆಯೋನು ನೀನೇ ಅಲ್ವೇನಪ್ಪ!” ಎಂದರು ಫುಪ್ಪು.

ಅಷ್ಟರಲ್ಲಿ ಒಳಗಿಂದ ನಗು ಕೇಳಿಸಿತು. ಒಳಗಿದ್ದ ಮೂವರೂ ಒಟ್ಟಿಗೆ, ಮೇಜು ಬಡಿದುಕೊಂಡು ನಗುವ ನಗು. ನಕ್ಕವರೆಲ್ಲ ಕೆಲಸ ಕೊಡುವುದಿಲ್ಲ, ಅದು ನನಗೂ ಗೊತ್ತು. ಆದರೆ ಆ ನಗುವನ್ನು ನಾನು ಬರೆದದ್ದಲ್ಲ, ಆಣೆ ಮಾಡಿ ಹೇಳುತ್ತೇನೆ.

ಈಗ ಮಾತು ನಿಂತಿದೆ. ಕುರ್ಚಿ ಎಳೆದ ಸದ್ದು. ಮೇಡಂ ಏನೋ ಹೇಳುತ್ತಿದ್ದಾರೆ, ಮೆಲ್ಲಗೆ.

ಏನೆಂದು ನನ್ನನ್ನು ಕೇಳಬೇಡಿ, ನೀವೂ ಬನ್ನಿ. ಕೀಲಿಕಂಡಿ ಫುಪ್ಪು ಹಿಡಿದಿದ್ದಾರೆ, ಕಿಟಕಿಯ ಸಂದಿ ಪಾಷಾ ಅವರದು. ಬಾಗಿಲ ಕೆಳಗೆ ಸ್ವಲ್ಪ ಜಾಗ ಇದೆ. ಒತ್ತರಿಸಿ ಮಲಗಿ, ಬಟ್ಟೆ ಮಣ್ಣಾದರೆ ನನ್ನನ್ನು ಬೈಯಬೇಡಿ, ಉಸಿರು ಬಿಗಿಹಿಡಿಯಿರಿ, ಶ್...