ಎರಡು ವಾರ ತಡವಾದ ಸೆಣಬು

ಪೇಪರ್ ಮಿಲ್ಲಿನ ಪರೀಕ್ಷಾ ಕೋಣೆಯಲ್ಲಿ ಕೆಲಸ ಮಾಡುವ ಅವಳಿಗೆ ಮನೆಯಲ್ಲಿ ‘ಮೇಷ್ಟ್ರಮ್ಮ’ ಎಂದೇ ಅಡ್ಡಹೆಸರು. ಯಾರು ಕೇಳಲಿ ಬಿಡಲಿ, ಸಲಹೆ ಕೊಡದಿದ್ದರೆ ಅವಳಿಗೆ ಉಂಡದ್ದು ಅರಗುತ್ತಿರಲಿಲ್ಲ. ಅಣ್ಣ ಮಾತ್ರ ಅವಳ ಮಾತನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದ. ಮಿಲ್ಲಿಗೆಂದೇ ಈ ವರ್ಷ ಮೊದಲ ಸಲ ಸೆಣಬು ಬೆಳೆದಿದ್ದ. ಹೂ ಬಿಟ್ಟ ದಿನವೇ ಫೋನ್ ಮಾಡಿ, “ಕೊಯ್ದುಬಿಡ್ಲೇನಮ್ಮ?” ಎಂದು ಕೇಳಿದ್ದ.

“ಏನವಸರ ಅಣ್ಣ? ಇನ್ನೆರಡು ವಾರ ಬಿಡು. ಕಾಂಡ ದಪ್ಪ ಆದಷ್ಟೂ ನಾರು ಗಟ್ಟಿ,” ಎಂದಿದ್ದಳು. ಪುಸ್ತಕ ತೆರೆದು ನೋಡುವಷ್ಟು ವ್ಯವಧಾನ ಯಾರಿಗಿತ್ತು!

ಈಗ ಆ ಸೆಣಬಿನ ಮಾದರಿ ಬೇಯಿಸುವ ಪಾತ್ರೆಯಿಂದ ಹೊರಬಂದಿತ್ತು. ಮೂರು ಗಂಟೆ ಬೆಂದರೂ ಅದರಲ್ಲಿ ಹಳದಿ ಚಕ್ಕೆಗಳು ಹಾಗೇ ಉಳಿದಿದ್ದವು. ಬೀಜ ಕಟ್ಟುವ ಹೊತ್ತಿಗೆ ಕಾಂಡ ಮರವಾಗಿಬಿಟ್ಟಿತ್ತು. ಅದರಿಂದ ತೆಗೆದ ಹಾಳೆಯನ್ನು ಮಡಿಸುವ ಯಂತ್ರಕ್ಕೆ ಸಿಕ್ಕಿಸಿದಳು. ನೂರು ಮಡಿಕೆ ತಾಳಬೇಕಾದ ಹಾಳೆ ಹತ್ತೊಂಬತ್ತಕ್ಕೇ ಹರಿಯಿತು. ಎರಡನೆಯದು ಇಪ್ಪತ್ತೆರಡಕ್ಕೆ. ಮೂರನೆಯದನ್ನೂ ಹಾಕಿದಳು. ಅದು ಹದಿನೇಳನ್ನೂ ದಾಟಲಿಲ್ಲ.

ತೆರೆದ ಕಿಟಕಿಯಾಚೆ ಅಣ್ಣ ಲಾರಿಯ ನೆರಳಲ್ಲಿ ನಿಂತು, ಹೆಬ್ಬೆರಳು ಎತ್ತಿ ತೋರಿಸುತ್ತಾ ಡ್ರೈವರನ ಮುಂದೆ ಕೊಚ್ಚಿಕೊಳ್ಳುತ್ತಿದ್ದ: “ನೋಡಿ, ಇಷ್ಟು ದಪ್ಪ! ಎಲ್ಲಾ ನಮ್ಮ ತಂಗಿ ಹೇಳಿದ ಹಾಗೆ.”

ವರದಿಯ ಕೊನೆಯಲ್ಲಿ ‘ಕಾರಣ’ ಎಂಬ ಖಾಲಿ ಸಾಲಿತ್ತು. ಮಾಲು ವಾಪಸಾದರೆ ತಪ್ಪು ಯಾರದೆಂದು ಅಲ್ಲಿ ಬರೆಯಬೇಕು. ಬೆಳೆಗಾರನದಾದರೆ ಮುಂದಿನ ವರ್ಷ ಮಿಲ್ಲು ಅವನಿಗೆ ಬೀಜ ಕೊಡುವುದಿಲ್ಲ. ಮಿಲ್ಲಿನವರದಾದರೆ ಅವರ ಕೆಲಸ ಹೋದಂತೆಯೇ. ಪೆನ್ನು ಹಿಡಿದು ಬಹಳ ಹೊತ್ತು ಕೂತಳು. ಕೊನೆಗೆ ‘ಬೆಳೆಗಾರ ಕೊಯ್ಲು ತಡ ಮಾಡಿದ್ದಾನೆ’ ಎಂದು ಬರೆದು, ಸಹಿ ಹಾಕಿ, ಸಾಹೇಬರ ಮೇಜಿನ ಮೇಲಿಟ್ಟಳು. ಸುಳ್ಳೇನಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಹೊರಗೆ ಬಂದು ಅಣ್ಣನನ್ನು ಪಕ್ಕಕ್ಕೆ ಕರೆದಳು. “ಪಾಸಾಗ್ಲಿಲ್ಲ ಅಣ್ಣ. ನಾರೆಲ್ಲ ಮರ ಆಗಿದೆ. ಹೂ ಬಂದಾಗ್ಲೇ ಕೊಯ್ಬೇಕಿತ್ತು. ನಾನೇ ತಪ್ಪು ಹೇಳ್ದೆ.”

ಅಣ್ಣ ಲಾರಿಯಿಂದ ಒಂದು ಕಡ್ಡಿ ಎಳೆದು ಬಗ್ಗಿಸಿದ. ಅದು ಟಕ್ಕನೆ ಮುರಿಯಿತು. ಅವನ ಮುಖ ಸಣ್ಣದಾಯಿತು. ಆಮೇಲೆ ಅತ್ತಿತ್ತ ನೋಡಿ ದನಿ ತಗ್ಗಿಸಿದ.

“ಈ ಮಾತು ಒಳಗೆ ಯಾರ ಹತ್ರಾನೂ ಬಾಯಿ ಬಿಡ್ಬೇಡ. ನಿನ್ನ ಕೆಲಸಕ್ಕೆ ಕುತ್ತು ಬರುತ್ತೆ. ನಾನೇ ತಡ ಮಾಡ್ದೆ ಅಂತ ಬರ್ದುಬಿಡು. ನಾನೇನೂ ಅಂದ್ಕೊಳಲ್ಲ.”

ಬರೆದಾಗಿದೆ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ.

“ಹೋಗಮ್ಮ, ಯಾರಾದ್ರೂ ಕೇಳೋದ್ರೊಳಗೆ ಬರಿ,” ಎಂದು ಅವನು ಬೆನ್ನು ತಟ್ಟಿದ. ಅವಳು ಬರೆಯಲು ಹೊರಟವಳಂತೆ ಒಳಗೆ ಹೋದಳು.